ಮೊಳೆಗೆ ನೇತಾಕಿದ ಹಗ್ಗ

"ಆನೆ ತೋರಿಸ್ತೀನಿ ಬಾರಮ್ಮ" ಅಂತ ನನ್ನ ಮಗ ರೇವಂತ್ ಕರ್ಕೊಂಡು ಹೋದ. ಬಂಡೀಪುರ, ಮುದುಮಲೈ, ನೀಲಗಿರಿ ಬೆಟ್ಟ, ವಾಪಸ್ ಬರ್ತಾ ನಾಗರಹೊಳೆ. ಹೊಸ ಕಾರು, ಮುಂದಿನ ಸೀಟು ನಂಗೆ. ಸೊಸೆ ರಮ್ಯ ಹಿಂದೆ ಕೂತು ಮೂಸಂಬಿ ಸುಲಿದು ಸುಲಿದು ಕೊಟ್ಟಳು. ನಾನೂ ಒಬ್ಬಳು ಪೆದ್ದಿ, ಎಂಥ ಬಂಗಾರದಂಥ ಮಗನ್ನ ಹೆತ್ತೆ ಅಂತ ಉಬ್ಬಿಹೋದೆ.

ನಮ್ಮ ಯಜಮಾನ್ರು ಬರ್ಲಿಲ್ಲ. "ನಂಜಿಗೆ ಹುಲ್ಲು ನೀರು ನೋಡೋಕೆ ಯಾರಾದ್ರೂ ಬೇಕಲ್ಲ ಕಣೇ, ನೀನು ಹೋಗ್ಬಾ" ಅಂದ್ರು. ನಂಜಿ ನಮ್ಮ ಹಸು. ಬಿಳೇಕಹಳ್ಳೀಲಿ ನಮ್ಮ ಹೊಲವೆಲ್ಲ ಬಿಲ್ಡಿಂಗ್ ಆಗಿ, ಬಾಡಿಗೆ ಬರೋಕೆ ಶುರುವಾದ್ಮೇಲೆ ಉಳಿದಿದ್ದು ಅವಳೊಬ್ಬಳೇ. ಅವಳ ಅವ್ವನ್ನೂ ಅದೇ ಕೊಟ್ಟಿಗೇಲಿ ಕಟ್ತಿದ್ವಿ. ಈಗ ಗಬ್ಬ ಬೇರೆ. ನಾನಲ್ದೆ ಬೇರೆ ಯಾರು ಹಗ್ಗ ಹಿಡಿದ್ರೂ ಒಂದು ಹೆಜ್ಜೆ ಕಿತ್ತಿಡಲ್ಲ, ಅಂಥ ಹಟಮಾರಿ. ಮುದುಮಲೈಲಿ ಕಾಡೆಮ್ಮೆ ಕಂಡಾಗ ರೇವಂತ್ "ನೋಡಮ್ಮ, ಸಖತ್ತಾಗಿದೆ" ಅಂದ. "ನಮ್ಮ ನಂಜಿ ಮುಂದೆ ಇದ್ಯಾವ ಲೆಕ್ಕ ಬಿಡೋ" ಅಂದೆ. ಮುಖ ತಿರುಗಿಸ್ಕೊಂಡ. ಆಗ್ಲೇ ಗೊತ್ತಾಗ್ಬೇಕಿತ್ತು ನಂಗೆ.

ಕೊನೇ ದಿನ ಊರಿಗೆ ಬರ್ತಾ ಬಿಡದೀಲಿ ತಟ್ಟೆ ಇಡ್ಲಿ ತಿನ್ನೋಕೆ ನಿಲ್ಸಿದ್ವಿ. ರಮ್ಯ ಮನೇಲಿದ್ದ ಮಾವಂಗೆ ವಿಡಿಯೋ ಕಾಲ್ ಮಾಡಿದ್ಲು. ನಾನು ಫೋನ್ ಇಸ್ಕೊಂಡು "ನಂಜಿ ತೋರ್ಸ್ರಿ" ಅಂದೆ.

"ಮಲಗವಳೆ, ಬಿಡೇ" ಅಂತ ಇವರು ಗಡಿಬಿಡೀಲಿ ಫೋನ್ ಬೇರೆ ಕಡೆ ತಿರುಗಿಸಿದ್ರು. ತಿರುಗಿಸಿದಾಗ ಕೊಟ್ಟಿಗೆ ಗೋಡೆ ಕಾಣ್ತು. ಮೊಳೆಗೆ ನಂಜಿ ಹಗ್ಗ ನೇತಾಕಿತ್ತು.

ನಮ್ಮಲ್ಲಿ ಹಸು ಕೊಟ್ರೆ ಹಗ್ಗ ಕೊಡಲ್ಲ. ಕೊಂಡೋನು ತನ್ನ ಹಗ್ಗ ತರ್ಬೇಕು. ನಮ್ಮ ಹಗ್ಗ ಹೋದ್ರೆ ಕೊಟ್ಟಿಗೆ ಲಕ್ಷ್ಮೀನೂ ಹಿಂದೇನೇ ಹೊರಟೋಗ್ತಾಳೆ ಅಂತ. ಕಟ್ಕೊಂಡ ಹೆಂಡ್ತಿ ಕಣ್ಣಿಗೆ ಮಣ್ಣೆರಚೋಕೆ ಧೈರ್ಯ ಬಂತು, ಈ ಶಾಸ್ತ್ರ ಬಿಡೋಕೆ ಮಾತ್ರ ಬರ್ಲಿಲ್ಲ ನೋಡಿ ನಮ್ಮ ಯಜಮಾನ್ರು ಬೋರಣ್ಣನೋರಿಗೆ!

"ನಂಜೀನ ಮಾರಿದ್ರಾ?" ಅಂದೆ. ಫೋನ್ ಕಟ್ ಆಯ್ತು.

ರೇವಂತ್ ಸಾಂಬಾರ್ ಬಟ್ಟಲನ್ನೇ ನೋಡ್ತಾ ಕೂತಿದ್ದ. "ಅಮ್ಮಾ, ಬಾಡಿಗೆಯವರು ದಿನಾ ಕಂಪ್ಲೇಂಟು, ಗಂಜಲದ ವಾಸನೆ ಅಂತ. ಕಾರಿಗೂ ಜಾಗ ಬೇಕಲ್ವಾ? ಕನಕಪುರದ ಕಡೆ ಮಾರಯ್ಯ ಅಂತ, ಒಳ್ಳೇವ್ರು, ಚೆನ್ನಾಗಿ ನೋಡ್ಕೋತಾರೆ. ನೀನಿದ್ರೆ ಬಿಡ್ತಿರ್ಲಿಲ್ಲ, ಅದಕ್ಕೇ..."

"ಅದಕ್ಕೇ ಆನೆ ತೋರಿಸ್ದ್ಯೇನೋ?"

ಇಡ್ಲಿ ತಟ್ಟೆ ಅಲ್ಲೇ ಕುಕ್ಕಿ ಎದ್ದೆ. ರಮ್ಯಂಗೂ ಗೊತ್ತಿರ್ಲಿಲ್ವಂತೆ, ಅವಳೂ ಗಂಡನ್ನ ಚೆನ್ನಾಗಿ ತರಾಟೆಗೆ ತಗೊಂಡ್ಲು. ಬನ್ನೇರುಘಟ್ಟ ರೋಡ್ ಬರೋವರೆಗೂ ನಾನು ಬಾಯಿ ಮುಚ್ಲಿಲ್ಲ. ನಿನ್ನ ಕಾರಿಗೆ ಬೆಂಕಿ ಬೀಳ, ನಿನ್ನ ಪಾರ್ಕಿಂಗ್ ಎಕ್ಕುಟ್ಟೋಗ ಅಂತ ಬಾಯಿಗೆ ಬಂದಂಗೆ ಬೈದೆ.

ಮನೆ ಗೇಟ್ ತೆಗೆದಿತ್ತು. ಕೊಟ್ಟಿಗೆ ತೊಳೆದು ಫಿನಾಯಿಲ್ ಹಾಕಿದ್ರು, ಗೂಟ ಕಿತ್ತಿದ್ರು. ನಾನು ಇಳಿದಿದ್ದೇ ತಡ, ಮಗರಾಯ ಕಾರನ್ನ ಸೀದಾ ಅಲ್ಲಿಗೇ ತಿರುಗಿಸ್ದ.

"ಒಳಗೆ ತಂದ್ಯೋ, ಗಾಜು ಪುಡಿ ಮಾಡ್ತೀನಿ!" ಅಂದೆ. ಬ್ರೇಕ್ ಹಾಕ್ದ.

ಹಗ್ಗ ತಗೊಳ್ಳೋಕೆ ಹೋದ್ರೆ ಅದರ ಕೆಳಗೆ ನನ್ನ ಹಸಿರು ಸೀರೆ ಬಿದ್ದಿತ್ತು. ಕೊಟ್ಟಿಗೆ ಕೆಲಸಕ್ಕೆ ದಿನಾ ಉಡೋ ಸೀರೆ. ಹೋಗೋಕ್ಮುಂಚೆ ಮಡಚಿ ಒಳಗಿಟ್ಟಿದ್ದೆ. ಈಗ ಸೆರಗೆಲ್ಲ ಜೊಲ್ಲು ಒಣಗಿ ಗಟ್ಟಿಯಾಗಿತ್ತು.

"ಇದ್ಯಾಕ್ರೀ ಇಲ್ಲಿ ಬಿದ್ದಿದೆ?"

ಯಜಮಾನ್ರು ನೆಲ ನೋಡ್ತಾ ನಿಂತ್ರು. "ಟೆಂಪೋ ಹತ್ತಲಿಲ್ಲ ಕಣೇ. ನಾನು, ಮಾರಯ್ಯ ಎಷ್ಟು ಎಳೆದ್ರೂ ಜಪ್ಪಯ್ಯ ಅಂದ್ರೂ ಜಗ್ಗಲಿಲ್ಲ. ಆಮೇಲೆ... ನಿನ್ನ ಸೀರೆ ಸುತ್ಕೊಂಡು ನಾನೇ ಮುಂದೆ ಹತ್ತಿದೆ. ಮೂಸಿ ನೋಡಿದ್ಲು. ಸೆರಗು ನೆಕ್ತಾ ಹಿಂದೇನೇ ಬಂದ್ಬಿಟ್ಲು."

ಸೀರೆ ಎತ್ಕೊಂಡೆ.

"ಮಾರೋದಾದ್ರೆ ನೀವು ಮಾರ್ಕೊಂಡು ಹಾಳಾಗೋಗಿ! ನನ್ನ ಹೆಸರಲ್ಲಿ ಯಾಕ್ರೀ ಕಳಿಸಿದ್ರಿ? ನಿಮ್ಮನ್ನ ನಂಬಿ ಹೋದ್ಲಾ ಅವಳು? ನನ್ನ ನಂಬಿ ಹೋದ್ಲು. ನಾನೇ ಕರ್ಕೊಂಡೋಗಿ ಬಿಟ್ಟು ಬಂದಂಗಾಯ್ತಲ್ರೀ!"

ಒಳಗೆ ಹೋದೆ. ಟ್ರಿಪ್ಪಿಗೆ ಅಂತ ಮಗ ಕೊಡಿಸಿದ್ದ ಹೊಸ ಸೀರೆ ಬಿಚ್ಚಿ ಮೂಲೆಗೆ ಬಿಸಾಕಿ, ಆ ಜೊಲ್ಲಿನ ಸೀರೇನೇ ಉಟ್ಕೊಂಡೆ. ಹಗ್ಗ ಕೈಗೆ ಸುತ್ಕೊಂಡು ಬಂದು ಕಾರಿನ ಮುಂದಿನ ಸೀಟಲ್ಲಿ ಕೂತೆ.

"ಎಲ್ಲಿಗಮ್ಮ?" ಅಂದ ರೇವಂತ್.

"ಟ್ರಿಪ್ಪು ಮುಗೀತು ಅಂದ್ಕೊಂಡ್ಯಾ? ಕನಕಪುರಕ್ಕೆ ತಿರುಗಿಸು. ಅಪ್ಪಂಗೆ ಹಿಂದೆ ಹತ್ತೋಕೆ ಹೇಳು, ಇಸ್ಕೊಂಡಿರೋ ದುಡ್ಡೂ ತರ್ಲಿ. ಈ ಸೀರೆ ನೋಡಿ ಹೋದೋಳು ಈ ಸೀರೆ ನೋಡೇ ಬರ್ತಾಳೆ."