ಎಡಗಾಲಿನ ಗೆರೆ

ಬೆರಳ ತುದಿಯಲ್ಲಿ ಮತ್ತೆ ಸೀಮೆಸುಣ್ಣ, ಪ್ಯಾಂಟಿಗೆ ಒರೆಸಿದರೂ ಹೋಗುವುದಿಲ್ಲ, ಇಪ್ಪತ್ತು ವರ್ಷದಿಂದ ಹೋಗಿಲ್ಲ, ಹಲಸೂರಿನ ಈ ಸಿಮೆಂಟ್ ಅಂಗಳದಲ್ಲಿ ಬಗ್ಗಿ ಬಗ್ಗಿ ಗೆರೆ ಎಳೆದು ನನ್ನ ಮಂಡಿಯೇ ಸವೆದಿದೆ, ಊರವರ ಮಂಡಿ ಸರಿಮಾಡುವ ದೊಡ್ಡ ಫಿಸಿಯೋಥೆರಪಿಸ್ಟ್ ನಾನು — ಈ ಹುಡುಗನ ನೆಗೆತ, ಎಡಗಾಲು ನೂರ ಅರವತ್ತು ಸೆಂಟಿಮೀಟರ್, ಬಲಗಾಲು, ಆಪರೇಷನ್ ಆದದ್ದು, ನೂರ ನಲವತ್ತಾರು, ನೂರಕ್ಕೆ ತೊಂಬತ್ತೊಂದು, ಪಾಸು. ಒಂಟಿ ಕಾಲಲ್ಲಿ ಹಾರಬೇಕು, ಅದೇ ಕಾಲಲ್ಲಿ ಇಳಿದು ನಿಲ್ಲಬೇಕು, ಪೆಟ್ಟಾದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟು ದೂರ ಹೋದರೆ ಆಟಕ್ಕೆ ಬಿಡಬಹುದು, ಇದನ್ನು ಗೋಡೆಯ ಮೇಲೆ ಬರೆದು ಅಂಟಿಸಿದವನೂ ನಾನೇ, ಅಂಟಿಸಬಾರದಿತ್ತು. ಬರ್ದ್ಬಿಡಿ ಸಾರ್ ಫಿಟ್ ಅಂತ, ಭಾನುವಾರ ಸೆಲೆಕ್ಷನ್ ಟ್ರಯಲ್ ಇದೆ, ಅನ್ನುತ್ತಾನೆ ಖುರ್ಷೀದ್, ಶಿವಾಜಿನಗರದ ಫುಟ್‌ಬಾಲ್ ಆಟಗಾರ, ಒಂಬತ್ತು ತಿಂಗಳು ಒಂದು ದಿನವೂ ತಪ್ಪಿಸದೆ ಬಂದವನು, ರಂಜಾನಿನಲ್ಲಿ ಗುಟುಕು ನೀರಿಲ್ಲದೆ ಮೆಟ್ಟಿಲು ಹತ್ತಿ ಇಳಿದವನು, ಮುಂದಿನ ವರ್ಷ ವಯಸ್ಸು ಮೀರುತ್ತದೆ, ಟೀಮಿಗೂ ಅದರಿಂದ ಸಿಗುವ ಕೆಲಸಕ್ಕೂ ಇದೇ ಕೊನೆಯ ಬಾಗಿಲು, ಗೊತ್ತು ಕಣಪ್ಪ, ಎಲ್ಲ ಗೊತ್ತು, ಫಾರಂ ಕೈಯಲ್ಲಿದೆ, ಪೆನ್ನೂ ಇದೆ, ಒಂದು ರುಜು ಹಾಕಿ ಕಾಫಿಗೆ ಹೋಗಬಹುದು.

ಆದರೆ ಹೋದ ವಾರದ ಗೆರೆ ಇನ್ನೂ ಅಲ್ಲೇ ಇದೆ, ತಗಡಿನ ಶೀಟಿನ ನೆರಳಲ್ಲಿ, ಮಸುಕಾಗಿ, ನಾನು ಅಳಿಸಿರಲಿಲ್ಲ — ಎಡಗಾಲು, ನೂರ ಎಂಬತ್ತೆರಡು, ಆ ಲೆಕ್ಕಕ್ಕೆ ಬಲಗಾಲು ನೂರಕ್ಕೆ ಎಂಬತ್ತೇ, ಫೇಲು. ಇಂದಿನ ಗೆರೆ ಅದಕ್ಕಿಂತ ಒಂದು ಗೇಣು ಹಿಂದೆ. ಒಳ್ಳೆಯ ಕಾಲು ಒಂದು ವಾರದಲ್ಲಿ ಒಂದು ಗೇಣು ಸೋಲುತ್ತದೆಯೇ, ಇಲ್ಲ, ಬಲಗಾಲಿನ ಅಳತೆ ಮೇಲೇರದಿದ್ದಾಗ ಎಡಗಾಲಿನದನ್ನೇ ಕೆಳಗಿಳಿಸಿದ್ದಾನೆ, ಬೇಕೆಂದೇ ಶಕ್ತಿ ಹಿಡಿದು ಹಾರಿದ್ದಾನೆ, ಎಷ್ಟು ನಾಜೂಕಾಗಿ, ಮುಖದಲ್ಲಿ ಪೂರ್ತಿ ಶಕ್ತಿ ಹಾಕಿದ ಗಂಟು ಬೇರೆ, ನಗು ಬರಬೇಕು, ಬರುತ್ತಿಲ್ಲ, ಸುಸ್ತಾಗಿದೆ. ಕೆಂಪರಾಜನೂ ಹೀಗೇ ಮಾಡಿದ್ದ, ತೊಂಬತ್ತೆಂಟನೇ ಇಸವಿಯಲ್ಲಿ, ಕೆ.ಆರ್. ಪುರದ ಕಬಡ್ಡಿಯವನು, ಆ ದಿನವೂ ಗೆರೆ ಹಿಂದೆ ಬಿದ್ದಿತ್ತು, ನೋಡಿದ್ದೆ, ನೋಡಿಯೂ ರುಜು ಹಾಕಿದ್ದೆ, ಪಾಪ ಅನ್ನಿಸಿತ್ತು, ಆಟದ ಹನ್ನೊಂದನೇ ನಿಮಿಷಕ್ಕೆ ಮಂಡಿ ಹೋಯಿತು, ಈಗ ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಮೆಟ್ಟಿಲನ್ನು ಕಂಬಿ ಹಿಡಿದು ಅಡ್ಡಡ್ಡ ಇಳಿಯುತ್ತಾನೆ, ಕಂಡಾಗಲೆಲ್ಲ ಚೆನ್ನಾಗಿದೀರಾ ಸಾರ್ ಅಂತ ನನ್ನನ್ನೇ ಕೇಳುತ್ತಾನೆ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗೊತ್ತಾದದ್ದನ್ನು ನುಂಗಿಕೊಂಡದ್ದು ನನ್ನ ತಪ್ಪು, ಅವನದಲ್ಲ.

ಎಡಗಾಲಲ್ಲಿ ಇನ್ನೊಂದ್ಸಲ ಹಾರು. ಇಷ್ಟೇ ಅಂದೆ, ಅವನ ಮುಖ ನೋಡದೆ ಅಂದೆ. ಅವನು ನನ್ನ ಕಣ್ಣು ಎಲ್ಲಿದೆಯೆಂದು ನೋಡಿದ, ಹಳೆಯ ಗೆರೆ ನೋಡಿದ, ಹೊಸದು ನೋಡಿದ, ಹೊರಗೆ ಒಂದು ಬಸ್ಸು ಹಾರ್ನ್ ಒತ್ತಿಕೊಂಡೇ ಹೋಯಿತು. ಈಗಲೂ ಹಿಡಿದು ಹಾರಬಹುದು ಅವನು, ಹಾರಲಿ, ನೂರ ಅರವತ್ತಕ್ಕೇ ಬೀಳಲಿ, ಆಗ ನಾನು ಬರೆದುಬಿಡುತ್ತೇನೆಯೇ, ಬರೆಯುತ್ತೇನೋ ಏನೋ, ಛೆ, ಏನು ಆಸೆ ಇದು ನನ್ನದು. ನಿಮ್ಗೆ ಅದೇ ಬೇಕಾ ಸಾರ್, ನೋಡಿ ಹಾಗಾದ್ರೆ — ಕೈ ಹಿಂದಕ್ಕೆ ಬೀಸಿದ, ಮಂಡಿ ಬಗ್ಗಿಸಿದ, ನಾನು ಹೇಳಿಕೊಟ್ಟ ಹಾಗೆಯೇ, ಹೊಸ ಗೆರೆ ದಾಟಿದ, ಹಳೆಯದನ್ನೂ ದಾಟಿದ, ಅದರಾಚೆ ನಾಲ್ಕು ಬೆರಳು, ಇಷ್ಟು ಚೆಂದದ ನೆಗೆತ ಇಪ್ಪತ್ತು ವರ್ಷದಲ್ಲಿ ಈ ಅಂಗಳ ಕಂಡಿಲ್ಲ, ಎಡಗಾಲು ಮುಂದೆ ಹೋದಷ್ಟೂ ಬಲಗಾಲಿನ ಲೆಕ್ಕ ಇಳಿಯುತ್ತದೆ, ಒಂದೊಂದು ಬೆರಳೂ ಭಾನುವಾರದಿಂದ ದೂರ, ಅವನಿಗೂ ಗೊತ್ತು, ಇಳಿದು ನಿಂತಿದ್ದಾನೆ, ಅಲುಗಾಡದೆ, ಎಡಗಾಲ ಮೇಲೆ, ಮೂರು ಎಣಿಸಿದರೆ ಸಾಕು, ಎಣಿಸಿ ಆಯಿತು, ಸಾಕು ಇಳಿಸಪ್ಪ, ಇಳಿಸುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾನೆ, ಗೆರೆಯಾಚೆ, ಒಂಟಿ ಕಾಲಲ್ಲಿ, ಬಲಗಾಲನ್ನು ನೆಲಕ್ಕೆ ಇಳಿಸುತ್ತಿಲ್ಲ.