ಮುಕ್ಕುಂದದ ಮೇಲೊಂದು ವಿಮಾನ

ಅದೇನದು ಬಿಳಿಯದು, ರೆಕ್ಕೆಯ ಕೆಳಗೆ, ಮತ್ತೊಂದು, ಅಗೋ ಇನ್ನೊಂದು — ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು ಅಯ್ಯಮ್ಮ, ಧೂಳಿರಬೇಕೆಂದು ಸೆರಗಿನಿಂದ ಒರೆಸಿದಳು, ಧೂಳಾದರೆ ಹೋಗುತ್ತಿತ್ತು, ಇದು ಅವ್ವನ ಗೋರಿ. ತೊಂಬತ್ತೆಂಟನೇ ಇಸವಿಯಲ್ಲೂ ಕಂಪ್ಯೂಟರನ್ನು ಚಪ್ಪಲಿ ಬಿಟ್ಟು ಮುಟ್ಟುವ ಸಿಂಧನೂರು, ಇಲ್ಲಿ ಹುಡುಗಿಯರಿಗೆ ಟೈಪಿಂಗ್ ಕಲಿಸುವವಳಿಗೆ ವಿಮಾನದ ಆಟದ ಉಸಾಬರಿ ಯಾಕೆ ಬೇಕಿತ್ತು, ಆಟದಲ್ಲಿದ್ದದ್ದು ಪರದೇಶದ ನೆಲ, ಅದನ್ನು ತೆಗೆದು ನಮ್ಮ ನೆಲ ಹಾಸುತ್ತೇನೆಂದು ಹೊರಟಳಲ್ಲ, ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ತಮ್ಮೂರು ಮುಕ್ಕುಂದದ ನೀರಿನ ಟಾಕಿ ಹತ್ತಿ ತೆಗೆದ ಒಂದೇ ಫೋಟೊ, ಕೆಳಗೆ ತಮ್ಮದೇ ಭತ್ತದ ಹೊಲ, ಚೌಕಾಗಿ ಕತ್ತರಿಸಿ ಕೊಟ್ಟರೆ ಆಟ ಅದನ್ನೇ ಮನೆ ನೆಲಕ್ಕೆ ಪರಸಿ ಕಲ್ಲು ಹಾಸಿದಂತೆ ಪಕ್ಕ ಪಕ್ಕ ಜೋಡಿಸುತ್ತ ಹೋಗುತ್ತದೆ, ಅದು ಗೊತ್ತಿತ್ತು, ಬದುವಿನ ಮೂಲೆಯಲ್ಲಿ ಗೋರಿ ಅಕ್ಕಿಕಾಳಿನಷ್ಟು ಬಿದ್ದದ್ದೂ ಗೊತ್ತಿತ್ತು, ಅವ್ವನೂ ಇರಲಿ ಎಂದು ತಾನೇ ಬಿಟ್ಟಿದ್ದಳು, ಎರಡೂ ಗೊತ್ತಿದ್ದವಳಿಗೆ ಎರಡನ್ನೂ ಕೂಡಿಸಲು ಬರಲಿಲ್ಲ — ಈಗ ಮಸ್ಕಿಯ ಗುಡ್ಡದಿಂದ ಲಿಂಗಸುಗೂರಿನವರೆಗೆ ಹೊಲಕ್ಕೊಂದು ಗೋರಿ, ಒಬ್ಬ ಅವ್ವ ಸತ್ತದ್ದು ಸಾಲದೆ. ಅಪ್ಪ ಬಸ್ಸು ಹತ್ತಿರಬೇಕು. ಅವ್ವ ಮಣ್ಣಿಗೆ ಹೋದಾಗಿನಿಂದ ಮನೆಮುಂದಿನ ಕಟ್ಟೆ ಬಿಟ್ಟು ಏಳದ ಲಾಲಪ್ಪ, ಕೇಳಿದ್ದಕ್ಕೆ ಹ್ಞೂಂ ಅನ್ನುವುದನ್ನೂ ಬಿಟ್ಟವನು, ಆಟದ ಸುದ್ದಿ ಹೇಳಿದ್ದಕ್ಕೆ ನಿನ್ನೆ ತಾನಾಗಿ ಬಾಯಿ ತೆರೆದ, ನಮ್ಮ ಹೊಲ ಮ್ಯಾಲಿಂದ ಹೆಂಗ ಕಾಣ್ತೈತಿ, ನಾಳೆ ಬರ್ತೀನಿ ತಡಿಯವ್ವಾ — ಅವಳಿಗೆ ಅಳುವೇ ಬಂದಿತ್ತು. ಇದನ್ನು ನೋಡಿದರೆ ಮತ್ತೆ ಕಟ್ಟೆಗೆ ಹೋಗಿ ಕೂರುತ್ತಾನೆ, ಈ ಸಲ ಏಳುವುದಿಲ್ಲ. ಗಿಡ ನೆಡು, ಗಿಡ — ಬೇವಿನ ಚಿತ್ರ ಮಾಡಿಟ್ಟಿದ್ದಾಳೆ, ಒಂದು ಗೋರಿಯ ಮೇಲೆ ಇಟ್ಟಳು, ಮುಚ್ಚಿತು, ಇನ್ನೊಂದರ ಮೇಲೆ ಜಾಲಿ, ಮುಚ್ಚಿತು, ವಿಮಾನ ಮುಂದೆ ಹೋದರೆ ಮತ್ತೆ ಬಿಳಿ, ಮತ್ತೆ ಬಿಳಿ, ಯಾವ ಅಡವಿ ಸಾಕಾದೀತು. ಜೊತೆಗೆ ಕಲಿಸುವ ಗುಲ್ಷನ್‌ಬೀ ಹಿಂದೆ ನಿಂತು, ಹುಚ್ಚಿ ಅದಿಯೇನಬೇ, ಫೋಟೊದಾಗ ಒಂದ ಕಡೆ ಅಳಿಸಿದರ ಎಲ್ಲಾ ಕಡೆ ಹೋಗ್ತೈತಿ — ಹೌದಲ್ಲ, ಅಷ್ಟೇ ಅಲ್ಲವೇ, ಫೋಟೊ ತೆರೆದಳು, ಬ್ರಷ್ಷಿಗೆ ಭತ್ತದ ಹಸಿರು ಹಚ್ಚಿದಳು, ಗೋರಿಯ ಮೇಲೆ ತಂದಳು, ಬೆರಳು ಒತ್ತಲೊಲ್ಲದು. ಆ ಸುಣ್ಣ ಅಪ್ಪ ಬಳಿದದ್ದು, ಯಾರಿಗೂ ಮುಟ್ಟಗೊಡದೆ. ಅವ್ವನ ಮೇಲೆ ತಾನು ಹಸಿರು ಬಳಿಯಬೇಕೇ, ಕರೆಂಟಾದರೂ ಹೋಗಬಾರದೇ, ದಿನಾ ಹೋಗುವ ದರಿದ್ರ ಕರೆಂಟು ಇವತ್ತು ಬೇಕೆಂದರೆ ಹೋಗದು — ಎಲ್ಲೈತವ್ವಾ ನಿನ್ನ ಇಮಾನ.

ಅಪ್ಪ ಬಂದೇಬಿಟ್ಟ. ಒಗೆದ ಧೋತರ, ತಲೆಗೆ ರುಮಾಲು, ಕುರ್ಚಿಯ ತುದಿಯಲ್ಲಿ ಕುಳಿತ, ಅವಳು ಫೋಟೊ ಹಾಗೇ ಮುಚ್ಚಿ ವಿಮಾನ ಎಬ್ಬಿಸಿದಳು. ಹಸಿರು, ಕಾಲುವೆಯ ನೀಲಿ ಗೆರೆ, ಇದು ನಮ್ಮ ಕಾಲುವಿ ಹೌದಿಲ್ಲೋ, ಹೌದಪ್ಪಾ, ಮುದುಕನ ಮುಖ ಅರಳಿತು, ಅಷ್ಟರಲ್ಲಿ ಬಿಳಿಯದು ಬಂತು. ಅಪ್ಪ ಕೈ ಎತ್ತಿ ಹಣೆಗೆ ಮುಟ್ಟಿಸಿ, ಪಂಪಮ್ಮಾ, ಅಂದ, ಅವ್ವನ ಹೆಸರು ಅವನ ಬಾಯಲ್ಲಿ ಅವಳು ಕೇಳಿದ್ದೇ ಮೊದಲು, ಕೈ ಇಳಿಯುವಷ್ಟರಲ್ಲಿ ಎರಡನೆಯದು ಬಂತು, ಕೈ ಮತ್ತೆ ಹಣೆಗೆ, ಮೂರನೆಯದು, ಮತ್ತೆ. ಅಪ್ಪಾ ಸಾಕಪ್ಪಾ, ಅದು ಬರೇ ಫೋಟೊ, ಇರೋದು ಒಂದ ಗೋರಿ — ಸುಮ್ನಿರವ್ವಾ, ಒಂದಕ್ಕ ಮುಗದು ಇನ್ನೊಂದಕ್ಕ ಬಿಟ್ಟರ ಆಕಿ ಏನಂದಾಳು. ನಿಲ್ಲಿಸುವ ಗುಂಡಿ ಬೆರಳಿನ ಕೆಳಗೇ ಇದೆ, ಒತ್ತಿದರೆ ಯಾವುದೋ ಒಂದು ಗೋರಿ ಕೈ ಮುಗಿಸಿಕೊಳ್ಳದೆ ಉಳಿಯುತ್ತದೆ, ಒತ್ತದಿದ್ದರೆ ನೆಲ ಮುಗಿಯುವುದಿಲ್ಲ, ಅವಳೇ ಮುಗಿಯದಂತೆ ಹಾಸಿದ ನೆಲ, ತೋಳು ಸೋತಿದೆ ಅವನದು, ಆದರೂ ಏಳುತ್ತದೆ, ಬಿಳಿ ಗೋರಿ, ಹಣೆಗೆ ಹೋಗುವ ಕೈ, ಬಿಳಿ ಗೋರಿ, ಹಣೆಗೆ ಹೋಗುವ ಕೈ, ಬಿಳಿ ಗೋರಿ, ಕೈ —