ಮೆಟ್ಟಿಲ ಕೆಳಗಿನ ಬಾಣ

ಮೆಟ್ಟಿಲ ಕೆಳಗಿನ ಗೂಡಿನೊಳಗೆ ತಲೆ ಹಾಕಿದ ಪಾತಾಳಗರಡಿ ಹಾಗೇ ಕೂತುಬಿಟ್ಟಳು. ಚಿಕ್ಕಮ್ಮನ ಮನೆಗೆ ಬಂದಿದ್ದು ಒಂದೇ ಒಂದು ಫೋಟೋ ತೆಗೆಯೋಕೆ. ನಾಳೆ ಪರೀಕ್ಷಕರ ಮುಂದೆ ಐದು ವರ್ಷದ ಸಂಶೋಧನೆ ಮಂಡಿಸಬೇಕು, ಮೊದಲಿಗೆ ತನ್ನ ಭೂಕಂಪಮಾಪಕವನ್ನೇ ತೋರಿಸಬೇಕು ಅಂತ ಆಸೆ. ನೋಡಿದರೆ, ಉತ್ತರಕ್ಕೆ ಇರಬೇಕಾದ ಆ ಡಬ್ಬಿಯ ಕೆಂಪು ಬಾಣ ನೆಟ್ಟಗೆ ಬಾಗಿಲನ್ನು ತೋರಿಸುತ್ತಿತ್ತು.

"ಚಿಕ್ಕಮ್ಮಾ, ಇದನ್ನ ಯಾರು ಮುಟ್ಟಿದ್ದು?"

"ನಾನೇ, ಗುಡಿಸೋವಾಗ. ನೀನು ಸೊಟ್ಟಗಿಟ್ಟು ಹೋಗಿದ್ದೆ. ನಾನು ಗೋಡೆಗೆ ಸರಿಯಾಗಿ ತಿರುಗಿಸಿಟ್ಟೆ."

"ಯಾವತ್ತು?"

"ನೀನು ಇಟ್ಟು ಹೋದ ಸಂಜೇನೇ."

ತಲೆ ಚಚ್ಚಿಕೊಳ್ಳೋಣ ಅಂದರೆ ಆ ಗೂಡಿನಲ್ಲಿ ಅದಕ್ಕೂ ಜಾಗವಿಲ್ಲ.

ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಯ ಹೆಸರನ್ನು ಮನೆಯವರು ಇವಳಿಗೆ ಸುಮ್ಮನೆ ಇಟ್ಟಿರಲಿಲ್ಲ. ಎಲ್ಲೋ ದೂರದ ಸಮುದ್ರದಡಿ ಭೂಮಿ ನಡುಗಿದರೆ ಅದರ ಅಲೆ ನೆಲದಾಳ ಹಾದು ಈ ಗೂಡಿಗೂ ಬರುತ್ತದೆ. ನೂರು ಕಿಲೋಮೀಟರ್ ಆಳದಲ್ಲಿ, ನಮ್ಮ ಕಾಲಡಿಯ ಗಟ್ಟಿ ಕಲ್ಲಿನ ಪದರ ಮುಗಿಯುವ ಕಡೆ, ಅಲೆಯ ಒಂದು ಪಾಲು ಬೇರೆಯಾಗಿ ಬೇರೆ ವೇಗದಲ್ಲಿ ಮೇಲೇರುತ್ತದೆ. ಎರಡೂ ಬಂದು ಮುಟ್ಟುವ ಹೊತ್ತಿನ ಅಂತರ ಅಳೆದೂ ಅಳೆದೂ ಇವಳು ಕಂಡಿದ್ದು, ಈ ಊರಿನ ಕೆಳಗೆ ಪದರದ ತಳ ಓರೆಯಾಗಿದೆ ಅಂತ. ಇಡೀ ಪ್ರಬಂಧ ನಿಂತಿದ್ದೇ ಆ ಓರೆಯ ಮೇಲೆ. ಓರೆಯ ಲೆಕ್ಕಕ್ಕೆ ಅಲೆ ಯಾವ ದಿಕ್ಕಿಗೆ ಅಲುಗಾಡಿಸಿತು ಅಂತ ಗೊತ್ತಿರಬೇಕು, ಅದು ತಿಳಿಯೋದು ಮಾತ್ರ ಆ ಹಾಳು ಬಾಣದಿಂದ.

ದಿಕ್ಸೂಚಿ ಹಿಡಿದು ನೋಡಿದಳು. ಇಪ್ಪತ್ತೆಂಟು ಡಿಗ್ರಿ ತಪ್ಪು. ಮೊದಲ ದಿನವೇ ತಿರುಗಿಸಿದ್ದು ಪುಣ್ಯ. ಎಲ್ಲ ದಾಖಲೆಯನ್ನೂ ಒಂದೇ ಸಲ ಸರಿಮಾಡಬಹುದು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಹಲ್ಲು ಕಚ್ಚಿಕೊಂಡು ಲೆಕ್ಕ ಓಡಿಸಿದಳು. ಒಂದು ಗಂಟೆಯಲ್ಲಿ ಹೊಸ ಚಿತ್ರ ಬಂತು.

ಚಿಕ್ಕಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದಳು. "ಈಗ ನೆಟ್ಟಗಾಯ್ತಲ್ಲ."

"ಅದೇ ನನ್ನ ಹಣೆಬರಹ. ಓರೆ ಇದ್ರೆ ತಾನೇ ಅದು ಸಂಶೋಧನೆ? ಹೀಗೆ ಚಪ್ಪಟೆ ಇರೋದನ್ನ ಎಲ್ಲರೂ ಎಂದೋ ಬರೆದಾಗಿದೆ. ಐದು ವರ್ಷ ನೀರಲ್ಲಿ ಹೋಮ ಮಾಡಿದೆ ನಾನು."

ಕಣ್ಣು ತುಂಬಿ ಬಂತು. ಸಿಟ್ಟಿಗೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. ಚಿಕ್ಕಮ್ಮನ ಮುಖ ಸಣ್ಣಗಾಯಿತು. ಪಕ್ಕದಲ್ಲಿ ಕೂತು ದನಿ ಇಳಿಸಿ ಹೇಳಿದಳು:

"ಯಾರಿಗೂ ಹೇಳಬೇಡ ಪುಟ್ಟಿ. ಮೊದಲಿನ ಚಿತ್ರಾನೇ ತೋರಿಸು. ನೂರು ಕಿಲೋಮೀಟರ್ ಕೆಳಗೆ ಯಾರು ಇಳಿದು ನೋಡ್ತಾರೆ?"

ಪಾತಾಳಗರಡಿ ಮೂಗು ಒರೆಸಿಕೊಂಡಳು. ಅದೇ ಮಾತು ಅವಳ ಮನಸ್ಸಿಗೂ ಆಗಲೇ ಬಂದುಹೋಗಿತ್ತು.

"ಮೆಟ್ಟಿಲ ಕೆಳಗೆ ಮಾತ್ರ ಯಾರು ಬಗ್ಗಿ ನೋಡ್ತಿದ್ರು ಚಿಕ್ಕಮ್ಮ? ಆ ಡಬ್ಬಿ ಸೊಟ್ಟಗಿದ್ದದ್ದನ್ನ ನಿನಗೆ ಹಾಗೇ ಬಿಡೋಕಾಯ್ತಾ?"

ಚಿಕ್ಕಮ್ಮ ಮೇಜಿನ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದ ಫೋನನ್ನು ನೆಟ್ಟಗೆ ಮಾಡಿ ಅವಳ ಮುಂದೆ ಸರಿಸಿದಳು.

ಮೂರನೇ ರಿಂಗಿಗೆ ಮಾರ್ಗದರ್ಶಕರು ಎತ್ತಿಕೊಂಡರು.

"ಸರ್, ನಾಳೆಯದನ್ನ ಮುಂದಕ್ಕೆ ಹಾಕಿ. ನಮ್ಮ ಕೆಳಗಿನ ಪದರದ ತಳ ಓರೆಯಾಗಿಲ್ಲ."